ಮನೆ ಕೊಳ್ಳುವ ಮುನ್ನ ಮನೆಯ ಪರೀಕ್ಷೆ

ಹಸುವೊಂದನ್ನು ಕೊಳ್ಳಬೇಕಾದರೆ ಹಲ್ಲು, ಕೆಚ್ಚಲು, ನಡಿಗೆಗಳನ್ನು ನೋಡದೆ ನಮ್ಮವರು ಹಗ್ಗ ಹಿಡಿಯುವುದಿಲ್ಲ. ಆದರೆ ಮಗನು ಕೊಲ್ಲಿನಾಡಿನಲ್ಲಿ ವರುಷಗಟ್ಟಲೆ ದುಡಿದು ಕಳುಹಿಸಿದ ಹಣದಿಂದ ಹಳೆಯ ಮನೆಯೊಂದನ್ನು ಕೊಳ್ಳುವಾಗ, ಗೋಡೆಯ ಹೊಸ ಬಣ್ಣವನ್ನು ನೋಡಿಯೇ ಮುಂಗಡ ಕೊಟ್ಟುಬಿಡುವವರನ್ನು ಕಾಸರಗೋಡಿನ ಸೀಮೆಯಲ್ಲಿ ನಾವು ಕಾಣುತ್ತಲೇ ಇದ್ದೇವೆ. ಬಣ್ಣದ ಅಡಿಯಲ್ಲೇನಿದೆಯೆಂಬುದನ್ನು ತಿಳಿದ ಇಂಜಿನಿಯರರಿಂದ ನೋಡಿಸಿದರೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಈ ಸಲ ವಿಚಾರಿಸೋಣ.

ಪರೀಕ್ಷಕರು ಮಾರುವವರ ಕಡೆಯವರಾಗಲೀ ದಲ್ಲಾಳಿ ಕರೆತಂದವರಾಗಲೀ ಆಗಿರಬಾರದು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಬಂದು ಹೋದರೆ ಈ ಕೆಲಸವೂ ಆಯಿತೆಂದು ತಿಳಿಯಲಾಗದು. ಸಾಲಕ್ಕೆ ತಕ್ಕ ಬೆಲೆ ಆ ಮನೆಗಿದೆಯೇ ಎಂಬುದು ಅವರ ಮುಖ್ಯ ಚಿಂತೆ. ಮಾಡು ಸೋರುವುದೇ ಎಂಬುದು ನಮ್ಮ ಚಿಂತೆ.

ಒಳ್ಳೆಯ ಪರೀಕ್ಷಕರು ಮೊದಲು ಮನೆಗೆ ಹೊರಗಿನಿಂದ ಒಂದು ಸುತ್ತು ಬರುತ್ತಾರೆ. ಮಳೆಯ ನೀರು ಅಡಿಪಾಯದಿಂದ ದೂರ ಹರಿಯುವುದೋ, ಅಲ್ಲಿಯೇ ನಿಲ್ಲುವುದೋ ನೋಡುತ್ತಾರೆ. ನಮ್ಮ ಕೆಂಪುಕಲ್ಲು ನೀರು ಹೀರುವ ಜಾತಿಯದು. ಆದುದರಿಂದ ಗೋಡೆಯ ಬುಡದ ತೇವವನ್ನು ಕೈಯಿಂದಲೂ ಉಪಕರಣದಿಂದಲೂ ಪರೀಕ್ಷಿಸುತ್ತಾರೆ. ಸಾರಣೆಯ ಮೇಲಿನ ಕೂದಲೆಳೆಯಂತಹ ಗೆರೆ ಸಾಮಾನ್ಯವಾಗಿ ಭಯಕ್ಕೆ ಕಾರಣವಲ್ಲ. ಕಿಟಿಕಿಯ ಮೂಲೆಯಿಂದ ಓರೆಯಾಗಿ ಹೊರಟು ನಾಣ್ಯ ತೂರುವಷ್ಟು ಅಗಲವಾದ ಬಿರುಕು ಅಡಿಪಾಯ ಕುಸಿದುದರ ಸೂಚನೆಯಾಗಬಹುದು.

ಹಂಚಿನ ಮನೆಯಾದರೆ ಅಟ್ಟ ಹತ್ತಿ ಪಕ್ಕಾಸು, ರೀಪುಗಳನ್ನು ತಟ್ಟಿ ನೋಡುವರು. ಗೆದ್ದಲು ತಿಂದ ಮರ ಟೊಳ್ಳು ದನಿಗೊಡುತ್ತದೆ. ತಾರಸಿಯಾದರೆ ಕಾಂಕ್ರೀಟು ಉದುರಿ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂದು ನೋಡುವರು. ಉಪ್ಪುಗಾಳಿ ಬೀಸುವ ಕಡಲತಡಿಯಲ್ಲಿ ಇದು ಹೆಚ್ಚು. ವಿದ್ಯುತ್ತಿನಲ್ಲಿ ಭೂಸಂಪರ್ಕ ಸರಿಯಿದೆಯೇ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿ ಆಂಪಿಯರಿನ ಸಾಧನವಿದೆಯೇ ಎಂಬುದು ಜೀವದ ಪ್ರಶ್ನೆ. ಬಾವಿಯನ್ನೂ ಮರೆಯಲಾಗದು. ಕೇರಳದ ಪಂಚಾಯತು ಕಟ್ಟಡ ನಿಯಮಗಳ (2019) ಪ್ರಕಾರ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರಿನೊಳಗೆ ಶೌಚದ ಗುಂಡಿ ಇರಬಾರದು. ಹಳೆಯ ಮನೆಗಳಲ್ಲಿ ಈ ಅಂತರವನ್ನು ಅಳೆದೇ ನೋಡತಕ್ಕದ್ದು. ನೀರಿನ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿ ಮಾಡಿಸತಕ್ಕದ್ದು.

ಇನ್ನು, ನಿರೀಕ್ಷಿಸಲಾಗದ ಸಂಗತಿಗಳು. ಪರೀಕ್ಷಕರು ಗೋಡೆ ಒಡೆಯುವುದಿಲ್ಲ, ನೆಲ ಅಗೆಯುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಹೊಣೆಯಾಗುವುದೂ ಇಲ್ಲ. ಆಸ್ತಿಯ ಹಕ್ಕು, ಋಣಭಾರಗಳು ವಕೀಲರ ವಿಷಯ. ಬೇಸಗೆಯಲ್ಲಿ ನೋಡಿದ ಮಾಡು ಆಟಿಯ ಮಳೆಗೆ ಏನಾದೀತೆಂದು ಹೇಳಲು ಹಳೆಯ ಕಲೆಗಳಷ್ಟೇ ಅವರಿಗೆ ಆಧಾರ. ಹೊಸದಾಗಿ ಬಣ್ಣ ಬಳಿದಿದ್ದರೆ ಆ ಆಧಾರವೂ ಅಳಿದಿರುತ್ತದೆ. ಆದುದರಿಂದ ಅನುಕೂಲವಿದ್ದರೆ ಮಳೆಗಾಲದಲ್ಲೊಮ್ಮೆ ನೋಡುವುದು ಲೇಸು.

ಪರೀಕ್ಷೆಯ ವೇಳೆ ಕೊಳ್ಳುವವರು ಜೊತೆಯಲ್ಲಿರಬೇಕು. ದಿನವಿಡೀ ಆ ಮನೆಯಲ್ಲಿ ಬಾಳಬೇಕಾದ ಮನೆಯಾಕೆಯೂ ಇದ್ದರೆ ಇನ್ನೂ ಒಳಿತು. ಲಿಖಿತ ವರದಿ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಬಂದೀತು. ಅರ್ಥವಾಗದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಫಲವಿಲ್ಲ. ಅಲ್ಲಿಯೇ ನಿಲ್ಲಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಲು ಸಂಕೋಚಪಡಬಾರದು. ಪ್ರತಿಯೊಂದು ದೋಷದ ಬಗೆಗೂ ಮೂರು ಪ್ರಶ್ನೆ ಕೇಳಿರಿ: ಇದರಿಂದ ಅಪಾಯವಿದೆಯೇ? ಎಷ್ಟು ಬೇಗ ಸರಿಪಡಿಸಬೇಕು? ಸುಮಾರಾಗಿ ಎಷ್ಟು ಖರ್ಚಾದೀತು?

ದೋಷವೇ ಇಲ್ಲದ ಹಳೆಯ ಮನೆ ಎಲ್ಲಿಯೂ ಇಲ್ಲ. ದೋಷ ಕಂಡಿತೆಂದು ಮನೆಯನ್ನು ಬಿಡಬೇಕಾಗಿಲ್ಲ. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಬಹುದು. ಆದರೆ ಹಾಗೆ ಕೇಳುವ ಬಲವಿರುವುದು ಮುಂಗಡ ಕೊಡುವ ಮೊದಲು ಮಾತ್ರ. ಆದುದರಿಂದ ಪರೀಕ್ಷೆ ಮೊದಲು, ಕರಾರು ಆಮೇಲೆ. ಈ ಕ್ರಮವೊಂದನ್ನು ತಪ್ಪದಿದ್ದರೆ ಮಗನ ಬೆವರಿನ ಹಣ ಸೋರುವ ಮಾಡಿನ ಕೆಳಗೆ ಕರಗಲಾರದು.