ಕಾಳಿ ಸೇತುವೆ ಕೇಳುವ ಲೆಕ್ಕ

ಗೋವಾ ಗಡಿಗೆ ಹೊಂದಿದ ಕಾರವಾರವನ್ನು ಕಾಳಿ ನದಿಯಾಚೆಯ ಸದಾಶಿವಗಡದೊಂದಿಗೆ ಬೆಸೆಯುವುದು ಹೆದ್ದಾರಿ ಸೇತುವೆ. ಉದ್ಯೋಗಕ್ಕೂ ಚಿಕಿತ್ಸೆಗೂ ಗೋವಾವನ್ನು ನಂಬಿದವರ ದಾರಿಯೂ ಅದೇ. 2024ರ ಆಗಸ್ಟ್ 7ರ ನಡುರಾತ್ರಿ ಅಲ್ಲಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ಬದುಕಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಸಂಪರ್ಕ ಉಳಿಯಿತು. ಇದೇ ಅವಘಡ ಶಾಲೆಗೆ ಹೋಗುವ ವೇಳೆಯಲ್ಲಿ ಸಂಭವಿಸಿದ್ದರೆ?

ಹೆದ್ದಾರಿಯನ್ನು ಚತುಷ್ಪಥಗೊಳಿಸುವಾಗ ಸುಮಾರು 40 ವರ್ಷ ಹಳೆಯ ಸೇತುವೆಯನ್ನೇ ಒಂದು ಬದಿಯ ಸಂಚಾರಕ್ಕೆ ಉಳಿಸಿಕೊಳ್ಳಲಾಗಿತ್ತು. ಕುಸಿದ ಮೇಲಿನ ತನಿಖೆಗಿಂತ ಕುಸಿಯುವ ಮುನ್ನಿನ ತಪಾಸಣೆಯೇ ಜೀವ ಉಳಿಸುವಂಥದ್ದು. ಹಳೆಯ ಸೇತುವೆಗಳ ತಪಾಸಣಾ ವರದಿಯನ್ನು ವರ್ಷಂಪ್ರತಿ ಜನರ ಮುಂದಿಡಬೇಕೆಂದು ನಾವು ಆಗ್ರಹಿಸುತ್ತೇವೆ. ಸುಂಕ ವಸೂಲು ಮಾಡುವವರು ದಾರಿಯ ಲೆಕ್ಕವನ್ನೂ ಒಪ್ಪಿಸಲಿ.