ಬಡ್ಡಿಯ ದರವೂ ನಮ್ಮ ಲೆಕ್ಕದ ಪುಸ್ತಕವೂ

ಒಂದೇ ಬೀದಿಯ ಇಬ್ಬರು ಹೊಟೇಲಿಗರಿಗೆ ಒಂದೇ ಬ್ಯಾಂಕು ಎರಡು ಬಗೆಯ ಬಡ್ಡಿ ಹಾಕುವುದೇಕೆ? ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮ ವ್ಯಾಪಾರಿ ಬಂಧುಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ಮೆನೇಜರರ ದಾಕ್ಷಿಣ್ಯವೇ ಕಾರಣವೆಂದು ಹಲವರು ಬಗೆದಿರುವರು. ಬಹುಕಾಲ ಗಲ್ಲೆಯಲ್ಲಿ ಕುಳಿತಿದ್ದ ನಾವೂ ಹಾಗೆಯೇ ಬಗೆದಿದ್ದೆವು.

ಬಡ್ಡಿಯ ದರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ನಮ್ಮ ಕೈಮೀರಿದ್ದು. ಸಣ್ಣ ಉದ್ಯಮಗಳಿಗೆ ಬದಲಾಗುವ ಬಡ್ಡಿಯ ಮೇಲೆ ಕೊಡುವ ಹೊಸ ಸಾಲಗಳನ್ನು 2019ರ ಅಕ್ಟೋಬರ್ 1ರಿಂದ ಹೊರಗಿನ ಒಂದು ಮಾನದಂಡಕ್ಕೆ ಜೋಡಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ವಿಧಿಸಿತು. ಹೆಚ್ಚಿನವು ಆರಿಸಿಕೊಂಡದ್ದು ರೆಪೋ ದರವನ್ನು. ಎಂದರೆ, ರಿಜರ್ವ್ ಬ್ಯಾಂಕು ತಾನೇ ಬ್ಯಾಂಕುಗಳಿಗೆ ಅಲ್ಪಾವಧಿಯ ಸಾಲ ಕೊಡುವ ದರವನ್ನು. 2023ರ ಫೆಬ್ರವರಿಯಲ್ಲಿ ಶೇಕಡಾ 6.50ಕ್ಕೆ ಏರಿದ ಈ ದರ 2025ರ ಡಿಸೆಂಬರಿನಲ್ಲಿ 5.25ಕ್ಕೆ ಇಳಿಯಿತು. ಹತ್ತು ಲಕ್ಷದ ಸಾಲಕ್ಕೆ ಈ ಇಳಿತವು ವರ್ಷಕ್ಕೆ 12,500 ರೂಪಾಯಿ. ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಸರಿಹೊಂದಿಸಬೇಕೆಂಬ ನಿಯಮವಿದೆ. ಸಹಕಾರಿ ಬ್ಯಾಂಕುಗಳಿಗೆ ಈ ವಿಧಿ ತಗಲದು. ಅಲ್ಲಿ ಸಾಲ ಪಡೆದವರು ವಿಚಾರಿಸಿಯೇ ತಿಳಿಯಬೇಕು.

ಎರಡನೆಯ ಭಾಗವು ಇದರ ಮೇಲೆ ಬ್ಯಾಂಕು ಸೇರಿಸುವಂಥದು: ಅದರ ಖರ್ಚು, ಲಾಭ, ಮತ್ತು ಸಾಲಗಾರನಿಂದ ಬರಬಹುದಾದ ನಷ್ಟದ ಭಯ. ಇಬ್ಬರು ನೆರೆಯವರ ಅಂತರವು ಹುಟ್ಟುವುದು ಹೆಚ್ಚಾಗಿ ಈ ಭಯದಿಂದಲೇ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಏಜೆಂಟನು ದಿನವೂ ಅಂಗಡಿಗೆ ಬರುತ್ತಿದ್ದನು. ವ್ಯಾಪಾರದ ಹದವನ್ನು ಕಣ್ಣಾರೆ ಬಲ್ಲನು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇಂದು ಸಾಲ ಮಂಜೂರು ಮಾಡುವವರಿಗೆ ಕಾಣುವುದು ಕಾಗದ ಮಾತ್ರ: ಆದಾಯ ತೆರಿಗೆಯ ವಿವರ, ಜಿ.ಎಸ್.ಟಿ. ಲೆಕ್ಕ, ಖಾತೆಯ ವಹಿವಾಟು, ಹಿಂದಿನ ಕಂತುಗಳ ಚರಿತ್ರೆ.

ಅಪ್ರಿಯವಾದರೂ ಹೇಳಲೇಬೇಕು: ನಮ್ಮಲ್ಲನೇಕರು ತೆರಿಗೆಯವರಿಗೊಂದು, ಮನೆಗೊಂದು ಎಂದು ಎರಡು ಪುಸ್ತಕ ಇಡುವರು. ಹೀಗೆ ಉಳಿಸಿದ ತೆರಿಗೆಯನ್ನು ಬಡ್ಡಿಯ ರೂಪದಲ್ಲಿ ತೆರುವರು. ಬ್ಯಾಂಕು ಬಾಗಿಲು ಮುಚ್ಚಿದಾಗ ಖಾಸಗಿ ಲೇವಾದೇವಿಗಾರನ ಮೊರೆ ಹೋಗಿ, ಕೊನೆಗೆ ಹೊಟೇಲನ್ನೇ ಕಳೆದುಕೊಂಡವರನ್ನೂ ನಾವು ಕಂಡಿದ್ದೇವೆ.

ಬ್ಯಾಂಕುಗಳಿಗೂ ಒಂದು ಮಾತು. ಸಾಲಗಾರನ ಸ್ಥಿತಿಯಲ್ಲಿ ಗಣನೀಯ ಬದಲಾವಣೆಯಾಗದೆ ಆ ಭಯದ ಅಂಶವನ್ನು ಬದಲಿಸಲಾಗದೆಂಬುದು ನಿಯಮ. ಸ್ಥಿತಿ ಸುಧಾರಿಸಿದವನ ದರವನ್ನು ಆತ ಕೇಳುವ ಮೊದಲೇ ಮರುವಿಮರ್ಶಿಸುವುದು ನ್ಯಾಯ.

ಬಂಧುಗಳು ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಲಿ: ಮಾನದಂಡ ಯಾವುದು? ಅದರ ಮೇಲೆ ಸೇರಿಸಿದ್ದೆಷ್ಟು, ಏತಕ್ಕೆ? ಸರಿಹೊಂದಿಸುವುದು ಎಂದು? ಉತ್ತರವು ಬರಹದಲ್ಲಿರಲಿ. ಗಿರಾಕಿಯು ಬಿಲ್ಲಿನ ಲೆಕ್ಕ ಕೇಳಿದರೆ ನಾವು ಸಿಟ್ಟಾಗುವುದಿಲ್ಲ. ಬ್ಯಾಂಕಿನಲ್ಲಿ ಗಿರಾಕಿಗಳು ನಾವು.