ನಾವು ಗಡಿ ದಾಟಬಹುದು, ಅಂಗಡಿಯವನು ಯಾಕೆ ದಾಟಬಾರದು?

ಶನಿವಾರ ಬೆಳಗ್ಗೆ ಆಖೆನ್‌ನಲ್ಲಿ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ಗೆ ಹೋದರೆ ಪಾರ್ಕಿಂಗ್ ತುಂಬಾ ಬೆಲ್ಜಿಯಂ ನಂಬರ್ ಪ್ಲೇಟ್‌ಗಳು. ಲಿಯೇಜ್‌ನಲ್ಲಿರೋ ನಮ್ಮ ಸ್ನೇಹಿತರೂ ತಿಂಗಳಿಗೊಮ್ಮೆ ಹೀಗೇ ಬರ್ತಾರೆ. ಡಿಕ್ಕಿ ತುಂಬಾ ಚಾಕೊಲೇಟ್, ಕಾಫಿ, ಬಿಸ್ಕತ್ತು ತುಂಬಿಕೊಂಡು, ನಮ್ಮನೇಲಿ ಉಪ್ಪಿಟ್ಟು ತಿಂದು ವಾಪಸ್ ಹೋಗ್ತಾರೆ. "ಎಷ್ಟು ಉಳೀತು?" ಅಂತ ನಾವು ಕೇಳೋದು, ಅವರು ಹೆಮ್ಮೆಯಿಂದ ಬಿಲ್ ತೋರಿಸೋದು ಒಂದು ಆಟವೇ ಆಗಿಬಿಟ್ಟಿದೆ.

ಈಗ ಆ ಆಟದಲ್ಲಿ ನನಗೆ ಖುಷಿ ಸಿಗ್ತಿಲ್ಲ. ಇದು ಜಾಣತನ ಅಲ್ಲ. ಕಂಪನಿಗಳು ಕಟ್ಟಿದ ಗೋಡೆಯನ್ನು ಸುತ್ತಿ ಬರೋಕೆ ನಾವು ನಮ್ಮ ಪೆಟ್ರೋಲ್ ಸುಡ್ತಾ ಇದ್ದೀವಿ.

"ಒಂದೊಂದು ದೇಶಕ್ಕೆ ಒಂದೊಂದು ಬೆಲೆ ಕಣ್ರೀ, ತೆರಿಗೆ ಬೇರೆ, ಸಂಬಳ ಬೇರೆ" ಅನ್ನೋರಿದ್ದಾರೆ. ಅಂಕಿ ನೋಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ತೆರಿಗೆಯಿಂದಲೇ ಶುರು ಮಾಡೋಣ. ದಿನಬಳಕೆಯ ಆಹಾರದ ಮೇಲೆ ವ್ಯಾಟ್ ಲಕ್ಸೆಂಬರ್ಗ್‌ನಲ್ಲಿ ಶೇ. 3, ಬೆಲ್ಜಿಯಂನಲ್ಲಿ 6, ಜರ್ಮನಿಯಲ್ಲಿ 7, ನೆದರ್ಲೆಂಡ್ಸ್‌ನಲ್ಲಿ 9. ತೆರಿಗೆಯೇ ಕಾರಣವಾಗಿದ್ದರೆ ಲಕ್ಸೆಂಬರ್ಗ್ ಅಗ್ಗ ಇರಬೇಕಿತ್ತು. ಆದರೆ ಯೂರೋಸ್ಟಾಟ್ ಲೆಕ್ಕದಲ್ಲಿ 2024ರಲ್ಲಿ ಇಡೀ ಯೂರೋಪಿಯನ್ ಒಕ್ಕೂಟದಲ್ಲಿ ಆಹಾರ ಅತಿ ದುಬಾರಿ ಇದ್ದದ್ದು ಅಲ್ಲೇ. ಸಂಬಳ, ಬಾಡಿಗೆ ಅಲ್ಲಿ ಹೆಚ್ಚು, ಒಪ್ಪಿದೆ. ಆದರೆ ಕಥೆ ಅಲ್ಲಿಗೇ ಮುಗಿಯೋದಿಲ್ಲ.

ನೀವು ಬೆಲ್ಜಿಯಂನಲ್ಲಿ ಅಂಗಡಿ ಇಟ್ಟಿದ್ದೀರಿ ಅಂದ್ಕೊಳ್ಳಿ. ಅದೇ ಬಿಸ್ಕತ್ತು ಜರ್ಮನಿಯ ಸಗಟು ವ್ಯಾಪಾರಿ ಹತ್ರ ಕಡಿಮೆಗೆ ಸಿಗುತ್ತೆ. ತರಿಸೋಣ ಅಂದ್ರೆ ತಯಾರಕರು ಅಡ್ಡ ಬರ್ತಾರೆ: ನಿಮ್ಮ ದೇಶದ ನಮ್ಮ ಕಚೇರಿಯಿಂದ, ಅಲ್ಲಿನ ರೇಟಿಗೇ ಕೊಳ್ಳಿ. ಇದಕ್ಕೆ ಪ್ರಾದೇಶಿಕ ಪೂರೈಕೆ ನಿರ್ಬಂಧ ಅನ್ನೋ ಸಭ್ಯ ಹೆಸರಿದೆ. ಇದನ್ನು ತೆಗೆದುಹಾಕಿದರೆ ಗ್ರಾಹಕರಿಗೆ ವರ್ಷಕ್ಕೆ 1,400 ಕೋಟಿ ಯೂರೋಗೂ ಹೆಚ್ಚು ಉಳಿಯುತ್ತೆ ಅಂತ ಯೂರೋಪಿಯನ್ ಕಮಿಷನ್‌ನ 2020ರ ಅಧ್ಯಯನ ಅಂದಾಜು ಮಾಡಿದೆ.

ಇದು ಬರೀ ಊಹೆ ಅನ್ನೋರಿಗೆ ಎರಡು ಪ್ರಕರಣ. ನೆದರ್ಲೆಂಡ್ಸ್‌ನಲ್ಲಿ ಅಗ್ಗವಾಗಿದ್ದ ಜುಪಿಲರ್ ಬಿಯರ್ ಬೆಲ್ಜಿಯಂಗೆ ಬರದಂತೆ ತಡೆದಿದ್ದಕ್ಕೆ 2019ರಲ್ಲಿ ಕಮಿಷನ್ ಎಬಿ ಇನ್‌ಬೆವ್‌ಗೆ 20 ಕೋಟಿ ಯೂರೋ ದಂಡ ಹಾಕಿತು. ಕಂಪನಿ ಮಾಡಿದ ಉಪಾಯಗಳಲ್ಲಿ ಒಂದು ಏನು ಗೊತ್ತಾ? ನೆದರ್ಲೆಂಡ್ಸ್‌ಗೆ ಹೋಗುವ ಬಿಯರ್‌ನ ಲೇಬಲ್‌ನಿಂದ ಫ್ರೆಂಚ್ ವಿವರಗಳನ್ನು ತೆಗೆದುಬಿಡೋದು! "ಭಾಷೆ ಬೇರೆ, ಅದಕ್ಕೇ ಕಷ್ಟ" ಅಂತ ಕಂಪನಿಗಳು ಹೇಳುವಾಗ ಇದು ನೆನಪಿರಲಿ. 2024ರ ಮೇನಲ್ಲಿ ಮಾಂಡಲೀಜ್‌ಗೆ 33.75 ಕೋಟಿ ಯೂರೋ ದಂಡ ಬಿತ್ತು. ಅದು ಬೆಲ್ಜಿಯಂಗೆ ಅಗ್ಗದ ಚಾಕೊಲೇಟ್ ಹೋಗದಿರಲಿ ಅಂತ ನೆದರ್ಲೆಂಡ್ಸ್‌ನಲ್ಲಿ ಕೆಲವು ಚಾಕೊಲೇಟ್ ಮಾರೋದನ್ನೇ ನಿಲ್ಲಿಸಿತ್ತು.

ಇಲ್ಲೇ ಹುಟ್ಟಿ ಬೆಳೆದವರಿಗೆ ಇದೆಲ್ಲ ಸಹಜ ಅನ್ನಿಸಬಹುದು. ನಿಮ್ಮ ಅಪ್ಪ ಅಮ್ಮನ್ನ ಕೇಳಿ ನೋಡಿ: ಒಂದು ಪೊಟ್ಟಣ ಬಿಸ್ಕತ್ತಿಗೆ ಅಂತ ಅತ್ತಿಬೆಲೆಯಿಂದ ಹೊಸೂರಿಗೆ ಯಾರಾದರೂ ಹೋಗ್ತಾರಾ? ರಾಜ್ಯ ಬೇರೆ, ಭಾಷೆ ಬೇರೆ, ಆದರೂ ಪೊಟ್ಟಣದ ಮೇಲಿನ ಎಂಆರ್‌ಪಿ ಅದೇ.

ಎಲ್ಲ ದೇಶದಲ್ಲೂ ಒಂದೇ ಬೆಲೆ ಇರಲಿ ಅಂತ ನಾನು ಕೇಳ್ತಿಲ್ಲ. ಸಂಬಳ ಹೆಚ್ಚಿರೋ ಊರಲ್ಲಿ ಬ್ರೆಡ್ಡಿಗೆ ಎರಡು ಕಾಸು ಹೆಚ್ಚಾದರೆ ಆಗಲಿ. ನಾನು ಕೇಳ್ತಿರೋದು ಇಷ್ಟೇ: ಗ್ರಾಹಕನಿಗೆ ತೆರೆದಿರೋ ಗಡಿ ಅಂಗಡಿಯವನಿಗೂ ತೆರೆದಿರಲಿ. ಯಾಕಂದ್ರೆ ಈ ಶನಿವಾರದ ಸವಾರಿ ಎಲ್ಲರಿಗೂ ಸಾಧ್ಯವಿಲ್ಲ. ಕಾರಿಲ್ಲದ ವಿದ್ಯಾರ್ಥಿ, ಮೊಣಕಾಲು ನೋವಿನ ಅಜ್ಜಿ, ಎರಡು ಪಾಳಿ ದುಡಿಯೋ ತಾಯಿ ಪೂರ್ತಿ ಬೆಲೆ ಕೊಡ್ತಾರೆ. ತಪ್ಪಿಸಿಕೊಳ್ಳೋರು ನಮ್ಮಂಥವರು.

ದಂಡ ಒಂದರಿಂದ ಇದು ಸರಿಹೋಗಲ್ಲ. ಈಗಿನ ಸ್ಪರ್ಧಾ ಕಾನೂನಿನಲ್ಲಿ ಕಂಪನಿಗಳ ನಡುವೆ ಒಪ್ಪಂದ ಇತ್ತು, ಇಲ್ಲವೇ ಒಂದು ಕಂಪನಿ ಮಾರುಕಟ್ಟೆ ಪ್ರಾಬಲ್ಯ ದುರುಪಯೋಗ ಮಾಡಿಕೊಂಡಿತು ಅಂತ ಪ್ರತಿ ಸಲ ಸಾಬೀತು ಮಾಡಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತೆ. ಜುಪಿಲರ್ ಆಟ 2009ರಿಂದ 2016ರವರೆಗೆ ನಡೆದಿತ್ತು. 2025ರ ಮೇನಲ್ಲಿ ಕಮಿಷನ್ ಪಟ್ಟಿ ಮಾಡಿದ ಒಳಮಾರುಕಟ್ಟೆಯ ಹತ್ತು ದೊಡ್ಡ ಅಡೆತಡೆಗಳಲ್ಲಿ ಈ ನಿರ್ಬಂಧವೂ ಇದೆ. ಪಟ್ಟಿ ಸಾಕು, ನೇರವಾಗಿ ನಿಷೇಧಿಸೋ ಕಾನೂನು ಬೇಕು.

ಮುಂದಿನ ಸಲ ಸ್ನೇಹಿತರು ಬಂದಾಗ ಉಪ್ಪಿಟ್ಟು ಖಂಡಿತ ಇರುತ್ತೆ. ಬಿಲ್ ತೋರಿಸಿದರೆ ಮಾತ್ರ "ಎಷ್ಟು ಉಳೀತು?" ಅಂತ ಕೇಳಲ್ಲ. "ಇಷ್ಟು ದಿನ ಯಾಕೆ ಹೆಚ್ಚು ಕೊಟ್ರಿ?" ಅಂತ ಕೇಳ್ತೀನಿ.